ಚಿಟಿಕೆ ಅರಳೆಯ ಡ್ರೀಕಾ ತಾನಿ

ಬ್ರಾಕ್‌ಫ್ಲೇ ಊರಿಗೆ ಇನ್ನೂ ಬೆಳಕು ಹರಿದಿಲ್ಲ. ದಕ್ಷಿಣ ಆಫ್ರಿಕಾದ ಕರೂ ಬಯಲಿನ ಮೇ ತಿಂಗಳ ಚಳಿಗೆ ಅಂಗಳದ ನಲ್ಲಿ ಹೆಪ್ಪುಗಟ್ಟಿದೆ, ನಾಯಿಗಳು ಕೂಡ ಬೊಗಳುವ ಗೋಜಿಗೆ ಹೋಗಿಲ್ಲ. ನೀಥ್ಲಿಂಗ್ ಕೋವಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಾತ್ರ ದೀಪವಿದೆ. ಅಲ್ಲಿ ಹೆಂಡ್ರಿಕಾ ಕಾಮಿಸ್ ಎಂಬ ಅರವತ್ತು ದಾಟಿದ ಹೆಂಗಸು ಕತ್ತಿಗೆ ಉಣ್ಣೆಯ ಶಾಲು ಸುತ್ತಿಕೊಂಡು, ನಿನ್ನೆಯ ಕೆಲಸವನ್ನು ಇವತ್ತು ಬಿಚ್ಚುತ್ತ ಕೂತಿದ್ದಾರೆ. ಊರಿನ ಹಿರಿ ಕಿರಿಯರೆಲ್ಲ ಅವರನ್ನು ಕರೆಯುವುದು ಡ್ರೀಕಾ ತಾನಿ ಎಂದೇ. ತಾನಿ ಎಂದರೆ ಇಲ್ಲಿಯವರ ಬಾಯಲ್ಲಿ ಅತ್ತೆ, ಚಿಕ್ಕಮ್ಮ, ದೊಡ್ಡಮ್ಮ ಎಲ್ಲವೂ.

ಅವರ ಮುಂದೆ ತೂತು ಕೊರೆದ ಮರದ ಹಲಗೆ ಇದೆ. ತೂತುಗಳಲ್ಲಿ ತೋಟಾದ ಹೆಬ್ಬೆರಳು ದಪ್ಪದ ಹಿತ್ತಾಳೆ ಕೊಳವೆಗಳು ಸಾಲಾಗಿ ನಿಂತಿವೆ, ಒಂದೊಂದರ ಬಾಯಲ್ಲೂ ಬಿಳಿ ಅರಳೆ ಇಣುಕುತ್ತಿದೆ. ತಾನಿ ತುದಿ ಬಗ್ಗಿಸಿದ ಹಿತ್ತಾಳೆ ತಂತಿಯನ್ನು ಇಳಿಬಿಟ್ಟು ಅರಳೆಯನ್ನು ಮೆಲ್ಲಗೆ ಎಳೆಯುತ್ತಾರೆ. ಒಳಗಿನ ಕೋವಿಮದ್ದಿನ ಮಟ್ಟ ನೋಡಿಕೊಂಡು ಅದನ್ನು ಬೋಗುಣಿಗೆ ಸುರಿಯುತ್ತಾರೆ. ಕೊಳವೆಯನ್ನು ದೀಪಕ್ಕೆ ಹಿಡಿದು ಒಳಗೆ ಏನೂ ಉಳಿದಿಲ್ಲ ಎಂದು ನೋಡಿ ಪಕ್ಕಕ್ಕಿಟ್ಟು ಮುಂದಿನದಕ್ಕೆ ಕೈ ಹಾಕುತ್ತಾರೆ.

ಗಂಡ ಫ್ಲೂರ್ಸ್ ಕಾಫಿ ಹಿಡಿದು ಹೊಸ್ತಿಲ ಆಚೆಯೇ ನಿಂತಿದ್ದಾರೆ. ಬಾಯಲ್ಲಿ ಪೈಪು ಇದೆ, ಬೆಂಕಿ ಇಲ್ಲ. ಪೈಪು ಇದ್ದವರು ಆ ಹೊಸ್ತಿಲು ದಾಟುವಂತಿಲ್ಲ, ಗಂಡನಾದರೂ ಅಷ್ಟೇ.

"ನಿನ್ನೆ ಹೆಣೆದಿದ್ದನ್ನ ಇವತ್ತು ಬಿಚ್ಚೋದು ಸ್ವೆಟರ್ ಹಾಕೋರು ಮಾತ್ರ ಅಂದ್ಕೊಂಡಿದ್ದೆ ಕಣೇ."

"ನಿಂಗೇನು ಗೊತ್ತು? ಜೀವಮಾನವೆಲ್ಲ ಕುರಿ ತುಪ್ಪಟ ಕತ್ತರಿಸಿದೋನು. ಅಲ್ಲಿ ಕೈ ತಪ್ಪಿದ್ರೆ ಕುರಿ ಅರಚುತ್ತೆ. ಇಲ್ಲಿ ಕೈ ತಪ್ಪಿದ್ರೆ ಮನುಷ್ಯ ಅರಚ್ತಾನೆ."

"ಬಿಸಿಲು ತಟ್ಟೆ ಮುಟ್ಟೋದ್ರೊಳಗೆ ಮುಗಿಯುತ್ತಾ?"

"ಮುಗಿದ್ರೆ ಮುಗೀತು, ಇಲ್ದಿದ್ರೆ ಇಲ್ಲ. ಕಾಫಿ ಅಲ್ಲೇ ಇಡು, ಬಂದು ಕುಡೀತೀನಿ."

ಹಾಗೆಂದರೂ ತಾನಿಯ ಕಣ್ಣು ಒಮ್ಮೆ ಕಿಟಕಿಯತ್ತ ಹೋಗಿ ಬರುತ್ತದೆ. ಇವತ್ತು ಶನಿವಾರ, ಹಳೆ ಕೋವಿಗಳ ದಿನ. ವರ್ಷಕ್ಕೊಮ್ಮೆ ಸುತ್ತಲಿನ ಕುರಿಹಟ್ಟಿಗಳವರೆಲ್ಲ ಅಜ್ಜ ಮುತ್ತಜ್ಜರ ಕೋವಿಗಳನ್ನು ಎಣ್ಣೆ ಹಚ್ಚಿ ಹೊರತೆಗೆದು ಊರಾಚೆಯ ಗುಡ್ಡದ ಬುಡದಲ್ಲಿ ಸೇರುತ್ತಾರೆ. ಅಲ್ಲಿ ಹಳೆಯ ನೇಗಿಲಿನ ಉಕ್ಕಿನ ತಟ್ಟೆಯೊಂದನ್ನು ಸರಪಳಿಯಿಂದ ನೇತುಹಾಕುತ್ತಾರೆ. ಬೆಳಗಿನ ಬಿಸಿಲು ಗುಡ್ಡ ಇಳಿದು ಆ ತಟ್ಟೆಯನ್ನು ಮುಟ್ಟಿದ ಗಳಿಗೆಯಲ್ಲಿ ಮೊದಲ ಗುಂಡು ಹಾರಬೇಕು, ಅದು ಎಲ್ಲರಿಗಿಂತ ಹಳೆಯ ಕೋವಿಯದ್ದೇ ಆಗಿರಬೇಕು. ಆ ಹೊತ್ತಿಗೆ ಸಿದ್ಧವಿಲ್ಲದ ಮನೆತನದವರ ಪಾಳಿ ಹೋಯಿತು, ಅವರ ನಂತರದ ಕೋವಿಗೆ ಆ ಗೌರವ ಸಲ್ಲುತ್ತದೆ.

ಎಲ್ಲಕ್ಕಿಂತ ಹಳೆಯ ಕೋವಿ ಸಾರೆಲ್ ಫರ್ಮಾಕ್ ಅವರದ್ದು. ಎಂಬತ್ತು ದಾಟಿದ ಈ ಕುರಿಗಾರರನ್ನು ಊರು ಊಮ್ ಸಾರೆಲ್ ಎನ್ನುತ್ತದೆ. ಊಮ್ ಎಂದರೆ ಮಾವ, ದೊಡ್ಡಪ್ಪ. ಬಲ ಹೆಗಲಿನ ಶಸ್ತ್ರಚಿಕಿತ್ಸೆಯಾಗಿ ಎರಡು ವರ್ಷ ಅವರು ಕೋವಿ ಮುಟ್ಟಿಲ್ಲ. ಆ ಎರಡು ವರ್ಷವೂ ಮೊದಲ ಗುಂಡು ಲಾಟೆಗನ್ ಮನೆಯವರ ಪಾಲಾಯಿತು, ಲಾಟೆಗನ್‌ಗಳು ಅದನ್ನು ಅಂಚೆ ಕಚೇರಿಯ ಸಾಲಿನಲ್ಲೂ ಇಗರ್ಜಿಯ ಮೆಟ್ಟಿಲ ಮೇಲೂ ಬಿಡದೆ ಹೇಳಿಕೊಂಡರು. ಈ ವರ್ಷ ಡಾಕ್ಟರು ಒಪ್ಪಿದ್ದಾರೆ, ಆದರೆ ಒಂದು ಷರತ್ತು: ಕೋವಿಯ ಒದೆ ಮೆತ್ತಗಿರಬೇಕು. ಒದೆ ಮೆತ್ತಗಾಗಬೇಕಾದರೆ ಮದ್ದು ಕಡಿಮೆಯಾಗಬೇಕು. ಮದ್ದು ಕಡಿಮೆಯಾದರೆ ಡ್ರೀಕಾ ತಾನಿಯ ಅರಳೆ ಬೇಕೇ ಬೇಕು.

ಇದರಲ್ಲಿ ದೊಡ್ಡ ಗುಟ್ಟೇನೂ ಇಲ್ಲ ಎನ್ನುತ್ತಾರೆ ತಾನಿ. ಆ ಕಾಲದ ದಪ್ಪ ನಳಿಗೆಯ ಕೋವಿಗಳ ತೋಟಾಗಳನ್ನು ಮಾಡಿದ್ದು ಕರಿಮದ್ದಿಗಾಗಿ. ಕರಿಮದ್ದನ್ನು ಕೊಳವೆಯ ತುಂಬ ತುಂಬುತ್ತಿದ್ದರು. ಈಗಿನ ಹೊಗೆಯಿಲ್ಲದ ಮದ್ದಿಗೆ ತಾಕತ್ತು ಹೆಚ್ಚು, ಕೊಳವೆಯ ಬುಡದಲ್ಲಿ ಒಂದಿಷ್ಟು ಇದ್ದರೆ ಸಾಕು. ಅದನ್ನೂ ಕಡಿಮೆ ಮಾಡಿದರೆ ಕೊಳವೆ ಮುಕ್ಕಾಲು ಖಾಲಿ.

"ಅರ್ಧ ಚೀಲ ಹಿಟ್ಟು ಮಲಗಿಸಿದ್ರೆ ಏನಾಗುತ್ತೆ? ಉದ್ದಕ್ಕೂ ಹರಡ್ಕೊಳ್ಳುತ್ತೆ. ಮದ್ದೂ ಹಾಗೇನೆ. ಕೋವಿ ಅಡ್ಡ ಹಿಡಿದಾಗ ಮದ್ದು ಮಲಗಿಬಿಡುತ್ತೆ, ಬುಡದಲ್ಲಿರೋ ಕೇಪಿನ ಬೆಂಕಿ ಅದರ ಬೆನ್ನು ಸವರ್ಕೊಂಡು ಹೋಗುತ್ತೆ. ಒಂದ್ಸಲ ಬೆಕ್ಕು ಸೀನಿದ ಹಾಗೆ ಹಾರುತ್ತೆ, ಇನ್ನೊಂದ್ಸಲ ಹುಚ್ಚು ಹಿಡಿದ ಹಾಗೆ. ಅದಕ್ಕೇ ಅದನ್ನ ಕೇಪಿನ ಹತ್ರಾನೇ ಕೂರಿಸೋಕೆ ಮೇಲೆ ಒಂದು ಚಿಟಿಕೆ ಅರಳೆ. ಮಗೂಗೆ ಹೊದಿಕೆ ಹೊದಿಸೋ ಹಾಗೆ, ಅಷ್ಟೇ."

ಅರಳೆ ಎಂದರೆ ಬೂರುಗದ ಹತ್ತಿ. ಊರಿನ ಹಳೆಯ ದಿಂಬುಗಳೆಲ್ಲ ಕೊನೆಗೆ ತಾನಿಯ ಡಬ್ಬಿ ಸೇರುತ್ತವೆ. ಯಾರ ಮನೆಯಲ್ಲಾದರೂ ಮುದುಕಿ ತೀರಿಕೊಂಡರೆ ಮೂರನೆಯ ದಿನ ಮಗಳೋ ಸೊಸೆಯೋ ದಿಂಬು ಹಿಡಿದು ಅಂಗಡಿ ಬಾಗಿಲಿಗೆ ಬರುತ್ತಾಳೆ. ತಾನಿ ಅದನ್ನು ಬಿಸಿಲಿಗೆ ಹಾಕಿ ಒಣಗಿಸಿ, ಬೀಜ ಕಡ್ಡಿ ಆರಿಸಿ, ಬೆರಳಲ್ಲಿ ಬಿಡಿಸಿ ಹಗುರ ಮಾಡುತ್ತಾರೆ. ಸಾಮಾನ್ಯ ಹತ್ತಿ ತೇವ ಕುಡಿದು ಭಾರವಾಗುತ್ತದೆ, ಬೂರುಗಕ್ಕೆ ಆ ಚಾಳಿ ಕಡಿಮೆ. ಕೆಲವರು ಗೋಧಿ ರವೆ ತುಂಬಿಸಿಕೊಡಿ ಎಂದು ಬರುತ್ತಾರೆ. "ರವೆ ತೂಕದ್ದು. ತೂಕ ಹಾಕಿದ ಮೇಲೆ ಮದ್ದಿನ ಲೆಕ್ಕಾನೂ ಬದಲಾಯ್ತಲ್ಲ. ಅದ್ರಲ್ಲೂ ಕತ್ತು ಸಣ್ಣಗಿರೋ ಕೊಳವೆಯಾದ್ರೆ ರವೆ ಅಲ್ಲೇ ಕಚ್ಕೊಂಡು ಕೂರುತ್ತೆ. ಉಪ್ಪಿಟ್ಟು ಮಾಡ್ಕೊಂಡು ತಿನ್ನಿ ಅಂತ ಕಳಿಸ್ತೀನಿ," ಎಂದು ನಗುತ್ತಾರೆ. ಮದ್ದು ತಯಾರಿಸುವವರೇ ಕಡಿಮೆ ಮಾಡಬಾರದು ಎಂದ ಮದ್ದನ್ನು ಅವರು ಕಡಿಮೆ ಮಾಡುವುದಿಲ್ಲ, ಪರೀಕ್ಷೆಯಾಗಿ ಪುಸ್ತಕದಲ್ಲಿ ಅಚ್ಚಾಗದ ಅಳತೆಯನ್ನು ತಕ್ಕಡಿಗೆ ಏರಿಸುವುದಿಲ್ಲ. ತಲೆ ಮೇಲೆ ತಲೆ ಬಿದ್ದರೂ ಈ ಎರಡು ಮಾತಿಗೆ ತಪ್ಪಿದವರಲ್ಲ.

ಡ್ರೀಕಾ ಈ ಅಂಗಡಿಗೆ ಮೊದಲು ಬಂದದ್ದು ಕಸ ಗುಡಿಸಲು. ಆಗಿನ ಯಜಮಾನ ಮುದುಕ ನೀಥ್ಲಿಂಗ್ ಕೋವಿ ರಿಪೇರಿಯಲ್ಲಿ ಎತ್ತಿದ ಕೈ, ಆದರೆ ಕಣ್ಣಿಗೆ ಪೊರೆ ಬರತೊಡಗಿತ್ತು. ಒಂದು ದಿನ ಅವರು ಪೊರಕೆ ಹಿಡಿದ ಹುಡುಗಿಯನ್ನು ಕರೆದು, ಈ ಕೊಳವೆಗಳ ಒಳಗೆ ಟಾರ್ಚು ಬಿಟ್ಟು ನೋಡು, ಮದ್ದು ಎಲ್ಲದರಲ್ಲೂ ಒಂದೇ ಮಟ್ಟದಲ್ಲಿದೆಯಾ ಹೇಳು ಎಂದರು. ಒಂದರಲ್ಲಿ ಎರಡು ಪಟ್ಟು ಇದೆ ಎಂದಳು ಹುಡುಗಿ. ಮುದುಕ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. ಮರುದಿನದಿಂದ ಪೊರಕೆ ಬೇರೆಯವರ ಕೈಗೆ ಹೋಯಿತು.

"ಮೆನೀರ್ ನೀಥ್ಲಿಂಗ್ ಬೈಗುಳದಲ್ಲೇ ಕಲಿಸಿದ್ರು," ಎಂದು ತಾನಿ ಯಜಮಾನರನ್ನು ನೆನೆಯುತ್ತಾರೆ. "ಹೊಗಳಿದ್ದು ಒಂದೇ ಸಲ, ಅದೂ ಜ್ವರದಲ್ಲಿದ್ದಾಗ." ಆಮೇಲೆ ಪರೀಕ್ಷೆ ಬರೆದು ಪರವಾನಗಿ ಪಡೆದರು. ಮುದುಕ ಹೋದ ಮೇಲೆ ಮಗಳು ಎಲ್ಸಾಬೆ ಅಂಗಡಿಯ ಮುಂಭಾಗ ನೋಡಿಕೊಳ್ಳುತ್ತಾಳೆ, ಹಿಂದಿನ ಕೋಣೆ ತಾನಿಯದು. ದಿನಕ್ಕೆ ಇಪ್ಪತ್ತು ತೋಟಾ ಆದರೆ ಅದೇ ಹೆಚ್ಚು. ಪೇಟೆಯ ಯಂತ್ರಗಳು ಗಂಟೆಗೆ ನೂರಾರು ಮಾಡುತ್ತವೆ ಎಂದು ಯಾರಾದರೂ ಹಂಗಿಸಿದರೆ, ಯಂತ್ರಕ್ಕೆ ಊಮ್ ಸಾರೆಲ್ ಹೆಗಲು ಗೊತ್ತಾ ಎಂದು ಕೇಳುತ್ತಾರೆ.

ಈ ಕೆಲಸದಲ್ಲಿ ಅವರು ಕಣ್ಣೀರು ಕಂಡದ್ದು ಒಮ್ಮೆ ಮಾತ್ರ. ಮುದುಕ ನೀಥ್ಲಿಂಗ್ ಕೊನೆಗಾಲದಲ್ಲಿ ತಾನಿ ರಜೆಯಲ್ಲಿದ್ದಾಗ ಗಿರಾಕಿಯೊಬ್ಬನಿಗೆ ಅವಸರದಲ್ಲಿ ತೋಟಾ ತುಂಬಿಕೊಟ್ಟರು. ಅರಳೆ ಸರಿಯಾಗಿ ಕೂರಲೆಂದು ಕಡ್ಡಿಯಿಂದ ಒತ್ತಿದರು. ಒತ್ತಿದ ಅರಳೆ ಬಿರಡೆಯಾಯಿತು, ಬಿರಡೆಗೂ ಗುಂಡಿಗೂ ನಡುವೆ ಖಾಲಿ ಜಾಗ ಉಳಿಯಿತು. ಕೋವಿಯ ಕುದುರೆ ಎಳೆದಾಗ ಆ ಬಿರಡೆ ನುಗ್ಗಿ ಗುಂಡಿನ ಬೆನ್ನಿಗೆ ಗುದ್ದಿತು, ಗುದ್ದಿದ ಜಾಗದಲ್ಲಿ ನಳಿಗೆಯ ಉಕ್ಕು ಸುತ್ತಲೂ ಬಳೆಯಂತೆ ಉಬ್ಬಿತು. ದೇವರ ದಯೆ, ಯಾರಿಗೂ ಪೆಟ್ಟಾಗಲಿಲ್ಲ. ಆದರೆ ನಾಲ್ಕು ತಲೆಮಾರಿನ ಕೋವಿ ಅವತ್ತಿಗೇ ಸತ್ತುಹೋಯಿತು. ಮುದುಕ ತನ್ನ ಸ್ವಂತ ಕೋವಿಯನ್ನು ಗಿರಾಕಿಯ ಕೈಗಿತ್ತು, ಈ ಕೋಣೆಗೆ ಬಂದು, ರಜೆ ಮುಗಿಸಿದ್ದ ತಾನಿಯ ಎದುರು ಮಗುವಿನಂತೆ ಅತ್ತರು. "ಅಷ್ಟು ದೊಡ್ಡ ಮನುಷ್ಯ ಅತ್ತಿದ್ದನ್ನ ನೋಡಿದ ಮೇಲೆ ನನ್ನ ಬೆರಳು ಅರಳೇನ ಒತ್ತಲ್ಲ. ಒತ್ತು ಅಂದ್ರೂ ಒತ್ತಲ್ಲ," ಎನ್ನುತ್ತಾರೆ ತಾನಿ.

ಹಾಗಾದರೆ ಇವತ್ತು ಬಿಚ್ಚುತ್ತಿರುವುದೇಕೆ? ಅದಕ್ಕೆ ಕಾರಣ ಸಾಕ್ಷಾತ್ ಊಮ್ ಸಾರೆಲ್.

ಶುಕ್ರವಾರ ಮಧ್ಯಾಹ್ನ ತಾನಿ ಕೊಳವೆಗಳಿಗೆ ಮದ್ದು ಹಾಕಿ ಮುಗಿಸಿದ್ದರು. ಮುಂದಿನ ಹೆಜ್ಜೆ ಟಾರ್ಚು ಬಿಟ್ಟು ಎಲ್ಲವನ್ನೂ ನೋಡುವುದು. ಕಡಿಮೆ ಮದ್ದಿನ ತೋಟಾದಲ್ಲಿ ಎರಡು ಸಲ ಮದ್ದು ಬಿದ್ದರೂ ಕೊಳವೆ ತುಂಬಿ ಚೆಲ್ಲುವುದಿಲ್ಲ, ಹಾಗಾಗಿ ಕಣ್ಣಿನಿಂದಲೇ ಹಿಡಿಯಬೇಕು. ಅರಳೆ ಬಿದ್ದ ಮೇಲೆ ಕಣ್ಣಿಗೂ ಕಾಣುವುದಿಲ್ಲ. ಆ ಹೊತ್ತಿಗೆ ಸರಿಯಾಗಿ ಮುಂದಿನಿಂದ ಎಲ್ಸಾಬೆ ಕೂಗಿದಳು. ಜೋರಾಗಿ ಮಾತಾಡುವ ಗಿರಾಕಿಯೊಬ್ಬ ಬಂದು ಗಲಾಟೆ ಮಾಡುತ್ತಿದ್ದ. ತಾನಿ ಎದ್ದು ಹೋದರು. ಒಳಗೆ ಹರಟೆಗೆಂದು ಬಂದು ಸ್ಟೂಲಿನ ಮೇಲೆ ಕೂತಿದ್ದ ಊಮ್ ಸಾರೆಲ್‌ಗೆ ಸುಮ್ಮನೆ ಕೂತು ಗೊತ್ತಿಲ್ಲ. ಕುರಿಗಾರನ ಕೈ, ಬಿಡುವು ಕಂಡರೆ ತುರಿಸುತ್ತದೆ.

ತಾನಿ ವಾಪಸು ಬಂದಾಗ ಎಲ್ಲ ಕೊಳವೆಗಳ ಬಾಯಲ್ಲೂ ಅರಳೆ ಕೂತಿತ್ತು.

"ನೋಡು ಹುಡುಗಿ, ನಿನ್ನ ಅರ್ಧ ಕೆಲಸ ಮುಗಿಸಿಬಿಟ್ಟೆ," ಎಂದು ಊಮ್ ಸಾರೆಲ್ ಮೀಸೆಯಡಿ ನಕ್ಕರು. "ಎರಡು ವರ್ಷ ಆಯ್ತು ನಂಗೆ ಕೋವಿ ಕೆಲಸ ಮಾಡಿ. ಕೈಗೆ ಹಬ್ಬ ಆಯ್ತು."

ಆ ಮುಖದಲ್ಲಿ ಅಷ್ಟು ಖುಷಿ ಇತ್ತು. ತಾನಿ ಒಳ್ಳೇದಾಯ್ತು ಊಮ್ ಎಂದು ಹೇಳಿ ಕಳಿಸಿದರು. ಆದರೆ ಗುಂಡು ಕೂರಿಸಲು ಕೈ ಬರಲಿಲ್ಲ. ತಾನು ನೋಡಿರದ ಮದ್ದಿನ ಮೇಲೆ ಗುಂಡು ಮುಚ್ಚುವುದು ಅವರಿಂದಾಗದ ಕೆಲಸ. ಹಲಗೆಗೆ ಬಟ್ಟೆ ಮುಚ್ಚಿ ಬೀಗ ಹಾಕಿ ಮನೆಗೆ ಹೋದರು. ಬೇಸರದ ಮನಸ್ಸಿನಲ್ಲಿ, ದಣಿದ ಕಣ್ಣಿನಲ್ಲಿ ಆ ಕೋಣೆಯಲ್ಲಿ ಕೂರಬಾರದು ಎಂಬುದೂ ಮುದುಕ ನೀಥ್ಲಿಂಗ್ ಬೈದು ಕಲಿಸಿದ್ದೇ.

ಈಗ ಬೋಗುಣಿಯಲ್ಲಿ ಮದ್ದು ಗುಡ್ಡೆಯಾಗಿದೆ. ಅರಳೆಯ ಎಳೆ ಸೇರಿರುವ ಈ ಮದ್ದು ಇನ್ನು ಕೋವಿಗೆ ಹೋಗುವುದಿಲ್ಲ, ಹಿತ್ತಲ ಗುಲಾಬಿ ಬುಡಕ್ಕೆ ಹೋಗುತ್ತದೆ. ತಾನಿ ಹೊಸದಾಗಿ ತೂಗುತ್ತಾರೆ, ಹಾಕುತ್ತಾರೆ, ಟಾರ್ಚು ಬಿಟ್ಟು ನೋಡುತ್ತಾರೆ, ಇನ್ನೊಮ್ಮೆ ನೋಡುತ್ತಾರೆ. ಆಮೇಲೆ ಚಿಟಿಕೆ ಅರಳೆಯನ್ನು ಬಿಡಿಸಿ ಉದುರಿಸಿದಂತೆ ಇಳಿಸುತ್ತಾರೆ. ಅದು ಮದ್ದಿನಿಂದ ಗುಂಡಿನ ಬುಡದವರೆಗೂ ತುಂಬಿರಬೇಕು, ನಡುವೆ ಜಾಗ ಉಳಿಯಬಾರದು, ಹಾಗಂತ ಗಟ್ಟಿಯೂ ಆಗಬಾರದು. ಕಿಟಕಿಯಲ್ಲಿ ಬೆಳಕು ಕೆಂಪಾಗುತ್ತಿದೆ. ಹೊರಗೆ ಎಲ್ಸಾಬೆ ಬಕ್ಕಿ ಎಂಬ ಪಿಕಪ್ ಗಾಡಿಯ ಹಾರ್ನು ಒತ್ತುತ್ತಿದ್ದಾಳೆ. ತಾನಿ ತಲೆ ಎತ್ತುವುದಿಲ್ಲ. ಹಾರ್ನಿನ ಲಯಕ್ಕೆ ಕೆಲಸ ಮಾಡಿದವರ ಬೆರಳು ಎಷ್ಟು ಉಳಿದಿದೆ ಎಂದು ತನಗೆ ಗೊತ್ತು ಎಂದು ಗೊಣಗುತ್ತಾರೆ.

ಗುಡ್ಡದ ಬುಡಕ್ಕೆ ಬಂದಾಗ ಜನ ಜಾತ್ರೆಯಂತೆ ನೆರೆದಿದ್ದಾರೆ. ಕೆಂಡದ ಮೇಲೆ ರೊಟ್ಟಿ ಉಬ್ಬುತ್ತಿದೆ, ಕುರಿಬಾಲದ ಕೊಬ್ಬು ಚಟಪಟ ಎನ್ನುತ್ತಿದೆ. ಬಿಸಿಲು ಗುಡ್ಡದ ಅರ್ಧ ಇಳಿದಿದೆ. ಲಾಟೆಗನ್‌ಗಳು ತಮ್ಮ ಕೋವಿಯನ್ನು ಆಗಲೇ ಒರೆಸಿ ತಯಾರಾಗಿ, ಫರ್ಮಾಕ್‌ಗಿಂತ ಬಿಸಿಲೇ ಚುರುಕು ಎಂದು ನಗಾಡುತ್ತಿದ್ದಾರೆ. ಊಮ್ ಸಾರೆಲ್ ಅಜ್ಜನ ಕೋವಿಯನ್ನು ತೊಡೆಯ ಮೇಲಿಟ್ಟು ಮಡಿಸುವ ಕುರ್ಚಿಯಲ್ಲಿ ಕೂತಿದ್ದಾರೆ. ತಾನಿ ಪುಟ್ಟ ಡಬ್ಬಿಯನ್ನು ಅವರ ಕೈಗಿಡುತ್ತಾರೆ.

ಊಮ್ ಸಾರೆಲ್ ಮುಚ್ಚಳ ತೆಗೆದು ನೋಡಿ ಹುಬ್ಬು ಗಂಟಿಕ್ಕುತ್ತಾರೆ. "ಇದೇನು, ಐದೇ ಐದು? ಉಳಿದಿದ್ದು ಎಲ್ಲಿ?"

"ಬಿಚ್ಚಿದೆ ಊಮ್. ಬೆಳಗ್ಗೆ ಎದ್ದು ಎಲ್ಲಾನೂ ಬಿಚ್ಚಿ ಹೊಸದಾಗಿ ತುಂಬ್ದೆ. ಹೊತ್ತಿಗೆ ಇಷ್ಟೇ ಆಗಿದ್ದು."

ಮುದುಕನ ಮುಖ ಕಪ್ಪಿಡುತ್ತದೆ.

"ನಾನು ಮಾಡಿದ್ದನ್ನ ಬಿಚ್ಚಿದ್ಯಾ? ನೀನು ಲಂಗ ಹಾಕೋ ಮುಂಚೆ ನಾನು ಕೋವಿ ಹಿಡಿದೋನು ಡ್ರೀಕಾ. ನಮ್ಮಜ್ಜ ಇದೇ ಊರಲ್ಲಿ ಗಜದ ಕೋಲು ಹಾಕಿ ಗುದ್ದಿ ಗುದ್ದಿ ತುಂಬ್ತಿದ್ದ."

"ಅಜ್ಜ ಗುದ್ದಿದ್ದು ಕರಿಮದ್ದನ್ನ ಊಮ್. ಅದ್ರಲ್ಲಿ ಖಾಲಿ ಜಾಗಾನೇ ಇರ್ತಿರ್ಲಿಲ್ಲ. ಗುದ್ದೋದೇ ಸರಿ. ಇದು ಬೇರೆ ಮದ್ದು."

"ನನ್ನ ಕೈ ಮೇಲೆ ನಂಬಿಕೆ ಇಲ್ಲ ಅನ್ನು, ಅಷ್ಟೇ."

"ನಿಮ್ಮ ಕೈ ಮೇಲೆ ನಂಬಿಕೆ ಇದೆ. ನಾನು ನೋಡ್ದೇ ಇರೋದ್ರ ಮೇಲೆ ಇಲ್ಲ. ಮದ್ದು ಎಲ್ಲದ್ರಲ್ಲೂ ಸರಿಯಾಗೇ ಇತ್ತು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಇದನ್ನ ನೋಡಿ."

ತಾನಿ ಏಪ್ರನ್ ಜೇಬಿನಿಂದ ಏನನ್ನೋ ತೆಗೆದು ಅವರ ಅಂಗೈಯಲ್ಲಿ ಇಡುತ್ತಾರೆ. ಒಂದು ಕೊಳವೆಯಿಂದ ಎಳೆದ ಅರಳೆ ಅದು. ಪೆನ್ಸಿಲಿನ ಹಿಂಬದಿಯಿಂದ ಗುದ್ದಿಸಿಕೊಂಡು ಗಟ್ಟಿ ಬಿರಡೆಯಾಗಿದೆ, ಒಂದು ಮುಖದಲ್ಲಿ ಪೆನ್ಸಿಲಿನ ದುಂಡು ಗುರುತು ಕೂಡ ಉಳಿದಿದೆ. ಮೇಲೆ ಚೆಂದ ಕಾಣಲೆಂದು ಇನ್ನೊಂದು ಎಳೆ ಸಡಿಲ ಅರಳೆಯನ್ನು ಬಾಯಿಗೆ ಇಟ್ಟಿದ್ದರಂತೆ, ನಡುವೆ ಪೂರಾ ಖಾಲಿ. ಊಮ್ ಸಾರೆಲ್ ಅದನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಚುಕಿ ನೋಡುತ್ತಾರೆ. ಅದು ಮಣಿಯುವುದಿಲ್ಲ. ನೀಥ್ಲಿಂಗ್ ಅತ್ತ ಕಥೆ ಊರಿಗೆಲ್ಲ ಗೊತ್ತು, ಅವರಿಗೂ ಗೊತ್ತು. ತೊಡೆಯ ಮೇಲಿನ ಕೋವಿಯನ್ನು ನೋಡುತ್ತಾರೆ. ಅಲ್ಲಿ ಅವರ ಎಡಗೈ ನಳಿಗೆಯ ಕೆಳಗೆ, ಬಿರಡೆ ಗುದ್ದುವ ಜಾಗದ ನೇರಕ್ಕೇ ಇದೆ.

"ಊಮ್ ಸಾರೆಲ್, ಬಿಸಿಲು!" ಎಂದು ಯಾರೋ ಕೂಗುತ್ತಾರೆ.

ಬಿಸಿಲು ತಟ್ಟೆಯ ಅಂಚಿಗೆ ಬಂದಿದೆ. ಮುದುಕ ಎದ್ದು ನಿಲ್ಲುತ್ತಾರೆ. ತಾನಿಯ ಡಬ್ಬಿಯಿಂದ ಒಂದು ತೋಟಾ ತೆಗೆದು, ಯಾರತ್ತಲೂ ನೋಡದೆ ಕೋವಿಗೆ ಇಳಿಸುತ್ತಾರೆ. ಹೆಗಲಿಗೆ ಏರಿಸುವಾಗ ಮುಖದಲ್ಲಿ ನೋವು ಸುಳಿದು ಹೋಗುತ್ತದೆ. ತಾನಿ ಮಾತ್ರ ತಟ್ಟೆಯ ಕಡೆ ನೋಡುತ್ತಿಲ್ಲ, ಆ ಎಡಗೈಯನ್ನೇ ನೋಡುತ್ತಿದ್ದಾರೆ. ಅಷ್ಟು ಸಲ ಟಾರ್ಚು ಬಿಟ್ಟು ನೋಡಿದ ಮೇಲೂ ಹಾಗೆ ನೋಡದೆ ಇರಲಾರರು.

ಢುಮ್ಮೆಂದು ಮೆತ್ತನೆಯ ಸದ್ದು. ಹಿಂದೆಯೇ ತಟ್ಟೆ ಠಣ್ ಎಂದು ಗುಡ್ಡಕ್ಕೆಲ್ಲ ಕೇಳುವಂತೆ ಮೊಳಗುತ್ತದೆ. ನಳಿಗೆಯಿಂದ ಹಾರಿದ ಅರಳೆಯ ಚೂರುಗಳು ಹೊಗೆಯಾಡುತ್ತ ಒಣಹುಲ್ಲಿನ ಮೇಲೆ ಬೀಳುತ್ತವೆ. ಅದಕ್ಕೆಂದೇ ಒದ್ದೆ ಗೋಣಿ ಹಿಡಿದು ಕಾಯುತ್ತಿದ್ದ ಫ್ಲೂರ್ಸ್, ಸದ್ಯ ಯಾರೂ ಕುದುರೆ ಮುಟ್ಟಕೂಡದು ಎಂಬ ಕೂಗು ಎದ್ದ ಮೇಲೆ ಓಡಿಹೋಗಿ ಒಂದೊಂದನ್ನೂ ಬಡಿದು ಆರಿಸುತ್ತಾರೆ. ಚಪ್ಪಾಳೆ ತನಗೇ ಎಂಬಂತೆ ಟೋಪಿ ತೆಗೆದು ಬಾಗುತ್ತಾರೆ. ಲಾಟೆಗನ್‌ಗಳೂ ನಗುತ್ತಾರೆ, ಮನಸ್ಸಿಲ್ಲದ ಮನಸ್ಸಿನಿಂದಲೇ ಚಪ್ಪಾಳೆ ತಟ್ಟುತ್ತಾರೆ.

ಊಮ್ ಸಾರೆಲ್ ಕೋವಿ ಖಾಲಿ ಮಾಡಿ ಮೇಜಿನ ಮೇಲಿಟ್ಟು, ಹೆಗಲು ಸವರಿಕೊಳ್ಳುತ್ತ ನೇರ ತಾನಿಯ ಹತ್ತಿರ ಬರುತ್ತಾರೆ.

"ಒದೆ ಮೆತ್ತಗಿತ್ತು," ಎನ್ನುತ್ತಾರೆ.

"ಇರ್ಲೇಬೇಕಲ್ಲ ಊಮ್."

"ಇನ್ಮೇಲೆ ನೀನು ಎದ್ದು ಹೋಗೋವಾಗ ನನ್ನನ್ನ ಹೊರಗೆ ತಳ್ಳಿ ಬೀಗ ಹಾಕು." ಇಷ್ಟನ್ನು ಸುತ್ತಲಿನವರಿಗೆಲ್ಲ ಕೇಳುವಂತೆ ಗಟ್ಟಿಯಾಗಿಯೇ ಹೇಳುತ್ತಾರೆ. ಇವರ ಬಾಯಿಂದ ಅಪ್ಪಿತಪ್ಪಿಯೂ ಕ್ಷಮೆಯ ಮಾತು ಕೇಳಿರದ ಊರಿಗೆ ಇದೇ ದೊಡ್ಡ ಕ್ಷಮೆ.

"ಬೀಗ ಯಾಕೆ ಊಮ್? ಬನ್ನಿ, ಕೂತ್ಕೊಳ್ಳಿ, ಎಷ್ಟು ಬೇಕಾದ್ರೂ ಹರಟೆ ಹೊಡೀರಿ. ಕೈ ಮಾತ್ರ ಜೇಬಲ್ಲಿರ್ಲಿ."

ಮುದುಕ ಹೊಟ್ಟೆ ಹಿಡಿದು ನಗುತ್ತಾರೆ. ತಾನಿಗೆ ಆಗ ನೆಮ್ಮದಿಯ ಉಸಿರು ಬರುತ್ತದೆ. ಕೋವಿ ಉಳಿದದ್ದು ಒಂದು ತೂಕವಾದರೆ, ಈ ಸ್ನೇಹ ಉಳಿದದ್ದು ಇನ್ನೊಂದು ತೂಕ.

ಈಗ ಸಾಲಾಗಿ ಉಳಿದ ಕೋವಿಗಳ ಪಾಳಿ. ಫ್ಲೂರ್ಸ್ ಬಿಸಿ ರೊಟ್ಟಿಗೆ ಜಾಮು ಸವರಿ ಹೆಂಡತಿಗೆ ತಂದುಕೊಡುತ್ತಾರೆ. ತಾನಿ ಬಕ್ಕಿಯ ಹಿಂಭಾಗದಲ್ಲಿ ಕಾಲು ಇಳಿಬಿಟ್ಟು ಕೂತಿದ್ದಾರೆ, ಬೆಳಗಿನ ಕಾಫಿಯನ್ನು ಈಗ ಕುಡಿಯುತ್ತಿದ್ದಾರೆ. ಅತ್ತ ಊಮ್ ಸಾರೆಲ್ ಸುತ್ತ ಜನ ಮುತ್ತಿದ್ದಾರೆ. ಅಜ್ಜನ ಕೋವಿಯನ್ನು ಹೊಗಳುತ್ತಾರೆ, ಮುದುಕನ ಕಣ್ಣನ್ನು ಹೊಗಳುತ್ತಾರೆ, ಆ ಹೆಗಲನ್ನು ರಿಪೇರಿ ಮಾಡಿದ ಡಾಕ್ಟರನ್ನೂ ಹೊಗಳುತ್ತಾರೆ. ತೋಟಾ ತುಂಬಿದ್ದು ಯಾರೆಂದು ಯಾರೂ ಕೇಳುವುದಿಲ್ಲ.

ಬೇಜಾರಾಗುವುದಿಲ್ಲವೇ ಎಂದು ಕೇಳಿದರೆ ತಾನಿ ರೊಟ್ಟಿಯ ತುಂಡು ನುಂಗಿ, ಆ ಗುಂಪಿನತ್ತ ಗದ್ದ ಎತ್ತಿ ತೋರಿಸುತ್ತಾರೆ.

"ನೋಡಿ, ಎಲ್ಲರೂ ಅವರ ಕೈ ಕುಲುಕ್ತಿದ್ದಾರೆ. ಕುಲುಕೋಕೆ ಕೈ ಇದೆಯಲ್ಲ, ಅದೇ ನನ್ನ ಕೆಲಸ."